ಗಂಟುವಾತದ ಮದ್ದು ಮತ್ತು ಓದಲಾಗದ ಚೀಟಿ

2025ರ ಅಕ್ಟೋಬರ್ 6ರಂದು ಆ ವರ್ಷದ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಪ್ರಕಟವಾಯಿತು. ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಹಾಗೂ ಜಪಾನಿನ ಶಿಮೊನ್ ಸಕಗುಚಿ ಎಂಬ ಮೂವರು ಅದನ್ನು ಹಂಚಿಕೊಂಡರು. ಶರೀರದ ರಕ್ಷಣೆಗೆಂದು ಇರುವ ಶಕ್ತಿಯು ಶರೀರದ ಮೇಲೆಯೇ ಕೈಮಾಡದಂತೆ ತಡೆಯುವ ಕಾವಲು ಕಣಗಳನ್ನು ಇವರು ಕಂಡುಹಿಡಿದರು ಎಂದು ಪತ್ರಿಕೆಗಳು ಬರೆದವು. ನಮ್ಮ ಜಿಲ್ಲೆಯಲ್ಲಿ ಈ ವಾರ್ತೆ ಒಂದು ದಿನ ಬಂದು ಮರುದಿನ ಮರೆಯಾಯಿತು. ಅದು ಸಹಜವೂ ಹೌದು. ಒಸಾಕಾದ ಪ್ರಯೋಗಶಾಲೆಗೂ ನಮ್ಮೂರಿನ ಅಡಿಕೆ ತೋಟಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ತಪ್ಪಲ್ಲ. ಆದರೆ ಬೆಳಗ್ಗೆ ಎದ್ದು ಕೈಬೆರಳು ಮಡಚಲಾಗದೆ, ಚೊಂಬು ಎತ್ತಲಾಗದೆ, ಸೀರೆಯ ನೆರಿಗೆ ಹಿಡಿಯಲಾಗದೆ ಗೋಡೆಗೊರಗಿ ಕುಳಿತಿರುವ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಎಷ್ಟಿದ್ದಾರೆ ಎಂದು ಎಣಿಸಿದವರಿಗೆ ಆ ಸಂಬಂಧ ಕೂಡಲೇ ತಿಳಿಯುತ್ತದೆ.

ಗಂಟುವಾತ, ಸಂಧಿವಾತ, ಆಮವಾತ ಎಂದು ನಾವು ಹಲವು ಹೆಸರುಗಳಿಂದ ಕರೆಯುವ ನೋವುಗಳೆಲ್ಲ ಒಂದೇ ರೋಗವಲ್ಲ. ವಯಸ್ಸಾದಂತೆ ಮೊಣಕಾಲಿನ ಗಂಟು ಸವೆದು ಬರುವ ನೋವು ಒಂದು ಬಗೆ. ಅದು ದುಡಿದಾಗ ಹೆಚ್ಚುತ್ತದೆ, ಕುಳಿತಾಗ ಇಳಿಯುತ್ತದೆ. ಡಾಕ್ಟರುಗಳು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವುದು ಇನ್ನೊಂದು ಬಗೆ. ಇದರ ರೀತಿಯೇ ತಿರುಗಾಮುರುಗಾ. ರಾತ್ರಿಯಿಡೀ ವಿಶ್ರಾಂತಿ ಪಡೆದು ಎದ್ದಾಗಲೇ ಬಿಗಿತ ಹೆಚ್ಚು. ಎರಡೂ ಕೈಗಳ ಬೆರಳ ಗಂಟುಗಳು, ಮಣಿಕಟ್ಟುಗಳು ಜೊತೆಜೊತೆಯಾಗಿ ಬಾತುಕೊಳ್ಳುತ್ತವೆ. ಒಂದು ತಾಸಿಗೂ ಮಿಕ್ಕಿ ಬೆರಳು ಬಿಡಿಸಲಾಗುವುದಿಲ್ಲ. ಆಲಸ್ಯ, ಹಸಿವಿಲ್ಲದಿರುವುದು, ಸಣ್ಣ ಜ್ವರ ಇವೂ ಕೂಡಿರುತ್ತವೆ. ಇದು ಮುದುಕರ ರೋಗವೂ ಅಲ್ಲ. ಮೂವತ್ತು, ನಲವತ್ತರ ಪ್ರಾಯದಲ್ಲಿ, ಮನೆಯ ಭಾರವೆಲ್ಲ ಹೆಗಲ ಮೇಲಿರುವಾಗಲೇ ಬರುವುದುಂಟು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಇದರ ಮೂಲ ಎಲುಬಿನಲ್ಲಿಲ್ಲ, ರಕ್ತದಲ್ಲಿದೆ. ಹೊರಗಿನಿಂದ ಬರುವ ರೋಗಾಣುಗಳನ್ನು ಕೊಲ್ಲಲೆಂದು ಇರುವ ಬಿಳಿ ಕಣಗಳ ಪಡೆ ಗಂಟಿನ ಒಳಪೊರೆಯನ್ನೇ ಶತ್ರುವೆಂದು ಬಗೆದು ಅದರ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಎಂಬ ಮಹಾವಿಜ್ಞಾನಿ, ಶರೀರವು ತನಗೆ ತಾನೇ ವಿಷವಾಗುವುದನ್ನು ಪ್ರಕೃತಿ ಸಹಿಸದು ಎಂದು ಭಾವಿಸಿದ್ದರು. ಪ್ರಕೃತಿ ಅಷ್ಟು ದಯಾಳುವಲ್ಲವೆಂದು ಆಮೇಲೆ ತಿಳಿದುಬಂತು. ಚರ್ಮ, ಮೂತ್ರಪಿಂಡಗಳನ್ನು ಹಿಡಿಯುವ ಲೂಪಸ್, ಚರ್ಮದ ಸೋರಿಯಾಸಿಸ್, ಎಳೆಯ ಮಕ್ಕಳಿಗೆ ಬರುವ ಒಂದು ಬಗೆಯ ಸಕ್ಕರೆ ಕಾಯಿಲೆ, ಹುಡುಗರ ಬೆನ್ನುಮೂಳೆಯನ್ನು ಬಿದಿರಿನಂತೆ ನೆಟ್ಟಗೆ ಬಿಗಿಯುವ ರೋಗ, ಇವೆಲ್ಲ ಒಂದೇ ಕುಲದವು. ವಯಸ್ಕರಲ್ಲಿ ನೂರಕ್ಕೆ ಅರ್ಧದಿಂದ ಒಬ್ಬರವರೆಗೆ ಗಂಟುವಾತದ ಈ ಬಗೆಗೆ ತುತ್ತಾಗುತ್ತಾರೆಂಬುದು ಸಾಮಾನ್ಯ ಅಂದಾಜು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 13 ಲಕ್ಷ ದಾಟಿತ್ತು. ಕೆಲವು ಸಾವಿರ ಮನೆಗಳ ಮಾತಿದು ಎಂಬುದು ಲೆಕ್ಕ ಬಲ್ಲವರಿಗೆ ಗೊತ್ತಾಗುತ್ತದೆ.

ಈ ರೋಗಕ್ಕೆ ಮದ್ದು ಹುಡುಕಿದ ಕಥೆ ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಇರಬೇಕಾದ ಕಥೆ. ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿದ್ದರು. 1929ರಲ್ಲಿ ಅವರ ರೋಗಿಯೊಬ್ಬನಿಗೆ ಕಾಮಾಲೆಯಾಯಿತು. ಕಾಮಾಲೆಯಿದ್ದಷ್ಟು ದಿನ ಗಂಟುಗಳ ನೋವು ಮಾಯವಾಯಿತೆಂದು ಆತ ಹೇಳಿದ. ಬೇರೆ ಯಾರಾದರೂ ನಕ್ಕು ಬಿಡುತ್ತಿದ್ದರೇನೋ. ಹೆಂಚ್ ಅದನ್ನು ಬರೆದಿಟ್ಟುಕೊಂಡರು. ಬಸುರಿಯಾದಾಗಲೂ ಕೆಲವು ಹೆಂಗಸರಿಗೆ ನೋವು ಇಳಿಯುವುದನ್ನು ಕಂಡರು. ಹಾಗಾದರೆ ನೋವನ್ನು ತಗ್ಗಿಸುವ ಯಾವುದೋ ವಸ್ತು ಶರೀರದೊಳಗೇ ಇರಬೇಕೆಂದು ತರ್ಕಿಸಿ ಸುಮಾರು ಇಪ್ಪತ್ತು ವರ್ಷ ಅದರ ಬೆನ್ನು ಹತ್ತಿದರು. ಅದೇ ಸಂಸ್ಥೆಯ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನ ಶಾಸ್ತ್ರಜ್ಞರು ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಬೇರ್ಪಡಿಸಿದ ವಸ್ತುವೊಂದನ್ನು 1948ರ ಸೆಪ್ಟೆಂಬರ್ 21ರಂದು 29 ವರ್ಷದ ರೋಗಿಯೊಬ್ಬಳಿಗೆ ಚುಚ್ಚಲಾಯಿತು. ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಲು ಕಷ್ಟಪಡುತ್ತಿದ್ದ ಆಕೆ ವಾರ ಕಳೆಯುವಷ್ಟರಲ್ಲಿ ನಡೆದು ಪೇಟೆಗೆ ಹೋಗಿಬಂದಳು. ಅದೇ ಕಾರ್ಟಿಸೋನ್. 1950ರ ನೊಬೆಲ್ ಪಾರಿತೋಷಕ ಹೆಂಚ್, ಕೆಂಡಾಲ್ ಮತ್ತು ಸ್ವಿಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ಸಂದಿತು.

ಆದರೆ ಪವಾಡಕ್ಕೆ ಬೆಲೆ ತೆರಬೇಕಾಗುತ್ತದೆ. ತಿಂಗಳುಗಟ್ಟಲೆ ಈ ಮದ್ದನ್ನು ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರ ಮುಖ ಚಂದ್ರನಂತೆ ಊದಿತು. ಎಲುಬು ಟೊಳ್ಳಾಯಿತು, ರಕ್ತದಲ್ಲಿ ಸಕ್ಕರೆ ಏರಿತು, ಸಣ್ಣ ಗಾಯವೂ ಮಾಯಲಿಲ್ಲ. ಥಟ್ಟನೆ ನಿಲ್ಲಿಸಿದರೆ ಅದೂ ಅಪಾಯ. ಇಂದು ವೈದ್ಯರು ಸ್ಟೀರಾಯ್ಡ್ ಜಾತಿಯ ಮದ್ದನ್ನು ಅಲ್ಪ ಪ್ರಮಾಣದಲ್ಲಿ, ಅಲ್ಪ ಕಾಲಕ್ಕೆ, ಬೇರೆ ಮದ್ದು ಕೆಲಸ ಆರಂಭಿಸುವವರೆಗೆ ಮಾತ್ರ ಕೊಡುತ್ತಾರೆ. ಹೀಗಿರುವಾಗ, ಹೆಸರಿಲ್ಲದ ಪೊಟ್ಟಣಗಳಲ್ಲಿ ಪುಡಿ ಕಟ್ಟಿ, "ಮೂರೇ ದಿನದಲ್ಲಿ ಗಂಟುನೋವು ಗುಣ" ಎಂದು ಮಾರುವವರ ವಿಷಯದಲ್ಲಿ ಎಚ್ಚರ ಬೇಕು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ನಮ್ಮ ದೇಶದಲ್ಲಿ ಪರೀಕ್ಷೆಗಳಿಂದ ಹಲವು ಬಾರಿ ಬೆಳಕಿಗೆ ಬಂದಿದೆ. ಇದು ಆಯುರ್ವೇದದ ನಿಂದೆಯಲ್ಲ. ಆಮವಾತವನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ವರ್ಣಿಸಿದ 'ಮಾಧವನಿದಾನ' ನಮ್ಮದೇ ದೇಶದ ಗ್ರಂಥ. ಓದಿ ಕಲಿತ ವೈದ್ಯ ಬೇರೆ, ಹೆಸರಿಲ್ಲದ ಪೊಟ್ಟಣ ಬೇರೆ.

ಇನ್ನೊಂದು ಮದ್ದಿನ ಕಥೆ ನಮಗೆ ಇನ್ನೂ ಹತ್ತಿರದ್ದು. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ನಮ್ಮ ಕಾಸರಗೋಡೂ ಆಗ ಸೇರಿದ್ದ ಮದ್ರಾಸು ಪ್ರಾಂತದವರು. ಮದ್ರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟು ಬಂದದ್ದಕ್ಕಾಗಿ ಬಿಳಿಯ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾಗಿ, ಎಂ.ಬಿ.ಬಿ.ಎಸ್.ಗೆ ಬದಲಾಗಿ ಕೆಳದರ್ಜೆಯ ಪದವಿ ಪಡೆಯಬೇಕಾಯಿತೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಅವರು ಅಮೆರಿಕಕ್ಕೆ ಹೋಗಿ, ಹಾರ್ವರ್ಡಿನಲ್ಲಿ ದುಡಿದು, ಆ ಬಳಿಕ ಲೆಡರ್ಲಿ ಪ್ರಯೋಗಶಾಲೆಯನ್ನು ಸೇರಿದರು. ರಕ್ತವೃದ್ಧಿಗೆ ಬೇಕಾದ ಫೋಲಿಕ್ ಆಮ್ಲವನ್ನು ಅವರ ತಂಡ ತಯಾರಿಸಿತು. ಅದನ್ನೇ ಸ್ವಲ್ಪ ತಿರುಚಿ, ಕಣಗಳು ಬೆಳೆಯದಂತೆ ತಡೆಯುವ ಮದ್ದುಗಳನ್ನೂ ಮಾಡಿತು. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವುಗಳಲ್ಲೊಂದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ಫಲ ಕಂಡರು. 1948ರ ಆಗಸ್ಟ್‌ನಲ್ಲಿ, ಹೆಂಚ್ ಅವರ ರೋಗಿಗೆ ಮೊದಲ ಕಾರ್ಟಿಸೋನ್ ಚುಚ್ಚುವ ಕೆಲವೇ ವಾರ ಮೊದಲು, ಸುಬ್ಬರಾವ್ ತೀರಿಕೊಂಡರು. ಅವರಿಗೆ ಯಾವ ನೊಬೆಲೂ ಬರಲಿಲ್ಲ.

ಆ ಮದ್ದಿನ ಕುಲದ ಮೆಥೊಟ್ರೆಕ್ಸೇಟ್ ಇಂದು ಜಗತ್ತಿನಾದ್ಯಂತ ಈ ಗಂಟುವಾತದ ಚಿಕಿತ್ಸೆಯ ಅಡಿಗಲ್ಲು. 1951ರಲ್ಲೇ ಅದರ ಸೋದರ ಮದ್ದೊಂದನ್ನು ಗಂಟುವಾತಕ್ಕೆ ಕೊಟ್ಟು ನೋಡಿದ್ದರೂ ಕಾರ್ಟಿಸೋನಿನ ಬೆಳಕಿನಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. 1985ರ ಸುಮಾರಿಗೆ ಕ್ರಮಬದ್ಧ ಪರೀಕ್ಷೆಗಳು ನಡೆದು, 1988ರಲ್ಲಿ ಅಮೆರಿಕದ ಸರಕಾರ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರಿಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣ, ಅದೂ ವಾರದಲ್ಲಿ ಒಂದೇ ದಿನ. ನಮ್ಮ ದೇಶದಲ್ಲಿ ವಾರದ ಮದ್ದಿಗೆ ತಗಲುವ ಖರ್ಚು ಒಂದೆರಡು ಚಹಾದ ಬೆಲೆಯಷ್ಟು. ಬಡವನ ಕೈಗೆಟಕುವ ಇಂಥ ಮದ್ದು ದೊರಕಿರುವುದು ಸಾಮಾನ್ಯ ಭಾಗ್ಯವಲ್ಲ. ಆದರೆ "ವಾರದಲ್ಲಿ ಒಂದೇ ದಿನ" ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಈ ಲೇಖನ ಬರೆಯಲು ಕಾರಣವೇ ಆ ಮಾತು.

ಸಂಶೋಧನೆ ಅಲ್ಲಿಗೆ ನಿಲ್ಲಲಿಲ್ಲ. ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಹಾಗೂ ಅವರ ಸಹೋದ್ಯೋಗಿ ಮಾರ್ಕ್ ಫೆಲ್ಡ್‌ಮನ್ ಲಂಡನ್ನಿನಲ್ಲಿ ರೋಗಿಗಳ ಗಂಟಿನ ಪೊರೆಯನ್ನು ಪರೀಕ್ಷಿಸಿ, ಅಲ್ಲಿನ ಉರಿಗೆ ಬೆಂಕಿ ಹಚ್ಚುವ ಮುಖ್ಯ ವಸ್ತು ಟಿ.ಎನ್.ಎಫ್. ಎಂದು ತೋರಿಸಿದರು. ಅದನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯವನ್ನು 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 20 ಮಂದಿಗೆ ಕೊಟ್ಟಾಗ ಕಂಡ ಫಲ ವೈದ್ಯಲೋಕವನ್ನು ಬೆರಗುಗೊಳಿಸಿತು. 1998, 99ರಿಂದ ಇಂಥ ಚುಚ್ಚುಮದ್ದುಗಳು ಮಾರುಕಟ್ಟೆಗೆ ಬಂದವು. ಇಲ್ಲಿಯೂ ಒಂದು ತೊಡಕು ಎದುರಾಯಿತು. ಟಿ.ಎನ್.ಎಫ್. ಕೇವಲ ಶತ್ರುವಲ್ಲ, ಎದೆಯೊಳಗೆ ಮಲಗಿರುವ ಕ್ಷಯದ ರೋಗಾಣುವನ್ನು ಎಬ್ಬಿಸದೆ ಕಾಯುವ ಕೆಲಸವೂ ಅದರದ್ದೇ. ಅದನ್ನು ಕಟ್ಟಿಹಾಕಿದಾಗ ಕೆಲವರಲ್ಲಿ ಕ್ಷಯ ಎದ್ದು ಕುಳಿತದ್ದು 2001ರಲ್ಲಿ ವರದಿಯಾಯಿತು. ಕ್ಷಯ ವ್ಯಾಪಕವಾಗಿರುವ ನಮ್ಮಂಥ ದೇಶದಲ್ಲಿ ಮೊದಲು ಅದರ ಪರೀಕ್ಷೆ ಮಾಡದೆ ಈ ಮದ್ದು ಕೊಡಕೂಡದು.

ಬೆಲೆಯ ವಿಷಯದಲ್ಲಿ ನಮ್ಮ ದೇಶದ ಕಾರ್ಖಾನೆಗಳು ಒಳ್ಳೆಯ ಕೆಲಸ ಮಾಡಿವೆ. ಅಡಾಲಿಮುಮ್ಯಾಬ್ ಎಂಬ ದುಬಾರಿ ಮದ್ದಿಗೆ ಸರಿಸಮಾನವಾದುದನ್ನು ಜಗತ್ತಿನಲ್ಲೇ ಮೊದಲ ಬಾರಿಗೆ ಅಹಮದಾಬಾದಿನ ಝೈಡಸ್ ಕಂಪೆನಿ 2014ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ಬಯೊಕಾನ್ ಕ್ಯೂಬಾದ ವಿಜ್ಞಾನಿಗಳೊಡನೆ ಸೇರಿ 2013ರಲ್ಲಿ ಸೋರಿಯಾಸಿಸಿಗೆ ಹೊಸ ಪ್ರತಿಕಾಯವೊಂದನ್ನು ಹೊರತಂದಿತು. ಆದರೂ ಇಂಥ ಚುಚ್ಚುಮದ್ದು ಕೂಲಿಯವರ ಕೈಗೆ ಇನ್ನೂ ಎಟಕದು ಎಂಬುದನ್ನು ಮರೆಯುವಂತಿಲ್ಲ.

ಇನ್ನು ಈಚಿನ ಸುದ್ದಿ. ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ ಗಿಯೋರ್ಗ್ ಶೆಟ್ ಮತ್ತು ಸಂಗಡಿಗರು 2021ರಲ್ಲಿ, ಯಾವ ಮದ್ದಿಗೂ ಬಗ್ಗದ ಲೂಪಸಿನಿಂದ ನರಳುತ್ತಿದ್ದ 20 ವರ್ಷದ ಯುವತಿಯ ರಕ್ತದಿಂದ ಬಿಳಿ ಕಣಗಳನ್ನು ತೆಗೆದು, ತಪ್ಪುದಾರಿ ಹಿಡಿದ ಇನ್ನೊಂದು ಬಗೆಯ ಬಿಳಿ ಕಣಗಳನ್ನು ಗುರುತಿಸಿ ನಾಶಮಾಡುವಂತೆ ಅವುಗಳನ್ನು ತಿದ್ದಿ, ಮರಳಿ ಶರೀರಕ್ಕೆ ಸೇರಿಸಿದರು. ಆಕೆ ಚೇತರಿಸಿಕೊಂಡಳು. 2024ರ ಫೆಬ್ರವರಿಯಲ್ಲಿ ಇಂಥ 15 ಮಂದಿಯ ವರದಿ ಬಂತು. ಎಲ್ಲರೂ ಹಳೆಯ ಮದ್ದುಗಳನ್ನು ನಿಲ್ಲಿಸಲು ಸಾಧ್ಯವಾಗಿತ್ತು. ಇದೇ ವಿಧಾನದ ಚಿಕಿತ್ಸೆಯೊಂದನ್ನು ಮುಂಬಯಿಯ ಐ.ಐ.ಟಿ. ಹಾಗೂ ಟಾಟಾ ಆಸ್ಪತ್ರೆಯ ತಜ್ಞರು ನಮ್ಮಲ್ಲೇ ರೂಪಿಸಿ, 2023ರಲ್ಲಿ ಒಪ್ಪಿಗೆ ಪಡೆದಿದ್ದಾರೆ; ಅದು ರಕ್ತದ ಕ್ಯಾನ್ಸರಿಗಾಗಿ. ಗಂಟುವಾತದ ಎಲ್ಲ ರೋಗಿಗಳಿಗೂ ನಾಳೆಯೇ ಇದು ಬಂದೀತೆಂದು ಯಾರೂ ಆಸೆಪಡಬಾರದು. ಆದರೆ ದಾರಿ ತೆರೆದಿದೆ.

ಸಕಗುಚಿಯವರ ಕೆಲಸವೂ ಆ ದಾರಿಯದ್ದೇ. ಹುಟ್ಟಿ ಮೂರು ದಿನವಾದ ಇಲಿಮರಿಗಳ ಎದೆಯ ಥೈಮಸ್ ಗ್ರಂಥಿಯನ್ನು ತೆಗೆದರೆ ಅವುಗಳ ಶರೀರ ತನ್ನ ಮೇಲೆ ತಾನೇ ತಿರುಗಿ ಬೀಳುತ್ತಿತ್ತು. ಆರೋಗ್ಯವಂತ ಇಲಿಯ ಬಿಳಿ ಕಣಗಳನ್ನು ಕೊಟ್ಟರೆ ಅದು ನಿಲ್ಲುತ್ತಿತ್ತು. ಹಾಗಾದರೆ ಆ ಕಣಗಳ ನಡುವೆ ಜಗಳ ಬಿಡಿಸುವವರೂ ಇದ್ದಾರೆಂದು ಅವರು 1995ರಲ್ಲಿ ತೋರಿಸಿದರು. ಆ ಕಾಲಕ್ಕೆ ಈ ಮಾತನ್ನು ನಂಬಿದವರು ಕಡಿಮೆ. ಬ್ರಂಕೋ ಮತ್ತು ರಾಮ್ಸ್‌ಡೆಲ್ 2001ರಲ್ಲಿ ಅದಕ್ಕೆ ಬೇಕಾದ ಅನುವಂಶೀಯ ಸೂತ್ರವನ್ನು ಹಿಡಿದರು. ಯಾರೂ ನಂಬದ ವಿಷಯವನ್ನು ವರ್ಷಗಟ್ಟಲೆ ಕೈಬಿಡದೆ ಹಿಡಿದದ್ದರ ಫಲ 2025ರ ಪಾರಿತೋಷಕ.

ಇಷ್ಟೆಲ್ಲ ಹೇಳಿದ್ದು ಪರದೇಶದ ವಿಜ್ಞಾನವನ್ನು ಕೊಂಡಾಡಲಿಕ್ಕಲ್ಲ. ಇಷ್ಟು ದೂರ ಬಂದ ಮದ್ದು ಕೊನೆಯ ಒಂದು ಗೇಣು ದಾಟಲಾಗದೆ ನಮ್ಮ ಮನೆಬಾಗಿಲಲ್ಲಿ ಹೇಗೆ ಎಡವಿತು ಎಂಬುದನ್ನು ಹೇಳಲಿಕ್ಕೆ.

ಈ ಸಾಲುಗಳನ್ನು ಬರೆಯುತ್ತಿರುವವನು ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ಮಾಸ್ತರಿಕೆ ಮಾಡುವವನು. ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮೂರು ದಿನ ಶಾಲೆಗೆ ಬಂದಿರಲಿಲ್ಲ. ನಾಲ್ಕನೆಯ ದಿನ ಬಂದಾಗ ಕಾರಣ ಕೇಳಿದೆವು. "ಅಮ್ಮನಿಗೆ ಬಾಯಿಡೀ ಹುಣ್ಣು ಸರ್, ಗಂಜಿತಿಳಿಯೂ ಇಳಿಯುವುದಿಲ್ಲ" ಎಂದಳು. ತಾಯಿ ಬೀಡಿ ಕಟ್ಟುವವರು. ಬೆರಳ ಗಂಟುಗಳು ಬಾತು, ಎಲೆ ಕತ್ತರಿಸುವ ಕತ್ತರಿಯನ್ನೂ ಹಿಡಿಯಲಾಗದೆ ವರ್ಷವೊಂದಾಗಿತ್ತು. ಹಿಂದೊಮ್ಮೆ ಬಂದಿದ್ದ ಚಿಕೂನ್‌ಗುನ್ಯಾದ ಉಳಿಕೆ ಇದು ಎಂದು ನೆರೆಕರೆಯವರು ಹೇಳಿದ್ದರಿಂದ ಎಣ್ಣೆ ತಿಕ್ಕಿಕೊಂಡು ಕಾಲ ಕಳೆದಿದ್ದರು. ಕೊನೆಗೆ ಆಸ್ಪತ್ರೆಗೆ ಹೋದರು. ಡಾಕ್ಟರು ಸರಿಯಾಗಿಯೇ ರೋಗವನ್ನು ಗುರುತಿಸಿ ಸರಿಯಾದ ಮದ್ದನ್ನೇ ಬರೆದರು. ಮೆಥೊಟ್ರೆಕ್ಸೇಟ್, ವಾರಕ್ಕೊಮ್ಮೆ. ಚೀಟಿಯಲ್ಲಿ ಇಂಗ್ಲಿಷ್. ಮದ್ದಿನ ಅಂಗಡಿಯ ಲಕೋಟೆಯ ಮೇಲೆ ಒಂದು ಎಂಬ ಅಂಕೆ, ಅದರ ಪಕ್ಕದಲ್ಲಿ ಮಲಯಾಳದಲ್ಲಿ ಒಂದು ಮಾತು. ಆ ತಾಯಿಗೆ ಕನ್ನಡ ಓದಲು ಬರುತ್ತದೆ. ಈ ಪತ್ರಿಕೆಯನ್ನೂ ಓದುತ್ತಾರೆ. ಮಲಯಾಳದ ಅಕ್ಷರ ಬಾರದು. ಅಂಕೆಯನ್ನು ಓದಿದರು, ದಿನಕ್ಕೊಂದರಂತೆ ಹನ್ನೊಂದು ದಿನ ನುಂಗಿದರು.

ಮಗಳು ಓದಿ ಹೇಳಬಹುದಿತ್ತಲ್ಲವೆ ಎಂದು ಕೇಳಿದರೆ, ಹೌದು, ಹೇಳಬಹುದಿತ್ತು. ಅವಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಿದ್ದಾಳೆ. ಆದರೆ ಅವಳನ್ನು ಕೇಳಬೇಕೆಂದು ತಾಯಿಗೆ ತೋಚಲೇ ಇಲ್ಲ. ಮಾತ್ರೆಯೆಂದರೆ ದಿನಾ ತೆಗೆದುಕೊಳ್ಳುವುದೆಂದು ಲೋಕವೆಲ್ಲ ತಿಳಿದಿರುವಾಗ ಅದರಲ್ಲಿ ಸಂಶಯಪಡುವುದೇನಿದೆ? ರಕ್ತದ ಬಿಳಿ ಕಣಗಳು ಅಪಾಯದ ಮಟ್ಟಕ್ಕೆ ಇಳಿದಿದ್ದವು. ಆಸ್ಪತ್ರೆಗೆ ಸೇರಿಸಿ, ಮದ್ದಿಗೆ ಪ್ರತಿಮದ್ದು ಕೊಟ್ಟು ಉಳಿಸಿಕೊಂಡರು. ರಾತ್ರಿಹಗಲು ಶುಶ್ರೂಷೆ ಮಾಡಿದ ದಾದಿಯರು ಮಲಯಾಳ ಮಾತಾಡುವವರೇ ಎಂಬುದನ್ನು ಹೇಳದಿದ್ದರೆ ಕೃತಘ್ನತೆಯಾದೀತು. ಇಲ್ಲಿ ಯಾವ ಡಾಕ್ಟರ ಮೇಲೂ, ಯಾವ ಅಂಗಡಿಯವರ ಮೇಲೂ, ಯಾವ ಭಾಷೆಯ ಮೇಲೂ ದೂರಿಲ್ಲ. ಈ ಮದ್ದನ್ನು ತಪ್ಪಿ ದಿನವೂ ನುಂಗಿ ಪ್ರಾಣಕ್ಕೆ ಎರವಾದವರು ಇಂಗ್ಲಿಷನ್ನೇ ತಾಯಿನುಡಿಯಾಗಿ ಉಳ್ಳ ದೇಶಗಳಲ್ಲಿಯೂ ಇದ್ದಾರೆ. ಅದಕ್ಕಾಗಿಯೇ ಆ ದೇಶಗಳಲ್ಲಿ ಪೆಟ್ಟಿಗೆಯ ಮೇಲೆ ವಿಶೇಷ ಎಚ್ಚರಿಕೆ ಮುದ್ರಿಸುತ್ತಾರೆ. ಭಾಷೆ ಬಲ್ಲವರೇ ತಪ್ಪುವಲ್ಲಿ ಭಾಷೆ ಬಾರದವರ ಪಾಡೇನು ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ಮದ್ದಿನೊಡನೆ ಸಾಮಾನ್ಯವಾಗಿ ಫೋಲಿಕ್ ಆಮ್ಲದ ಮಾತ್ರೆಯನ್ನೂ ಬೇರೆ ದಿನಗಳಿಗೆಂದು ಕೊಡುತ್ತಾರೆ. ಒಂದರಿಂದ ಆಗುವ ಉಪದ್ರವವನ್ನು ಇನ್ನೊಂದು ತಗ್ಗಿಸುತ್ತದೆ. ಎರಡೂ ಹಳದಿ ಬಣ್ಣದ ಚಿಕ್ಕ ಮಾತ್ರೆಗಳಾಗಿರುವುದುಂಟು. ಒಂದರ ಬದಲು ಇನ್ನೊಂದನ್ನು ದಿನವೂ ನುಂಗಿದರೆ ಗತಿಯೇನು? ಮನೆಯಲ್ಲಿ ವಿದ್ಯುತ್ತು ಹೋಗಿದ್ದಾಗ, ಕಣ್ಣು ಮಂಜಾದ ಅಜ್ಜಿಯೊಬ್ಬರು ತಡವಿ ತೆಗೆದುಕೊಳ್ಳುವ ಚಿತ್ರವನ್ನು ಸಂಬಂಧಪಟ್ಟವರು ಒಮ್ಮೆ ಕಣ್ಣಮುಂದೆ ತಂದುಕೊಳ್ಳಲಿ.

1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾಕರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ, ತಮ್ಮ ಭಾಷೆಯಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಅರ್ಜಿಗೆ ಇರುವ ಈ ಹಕ್ಕು ಮದ್ದಿನ ಚೀಟಿಗೆ ಬೇಡವೆ? ಭೂಮಿಯ ದಾಖಲೆ ಅರ್ಥವಾಗದಿದ್ದರೆ ಜಮೀನು ಹೋದೀತು. ಮದ್ದಿನ ಚೀಟಿ ಅರ್ಥವಾಗದಿದ್ದರೆ ಜೀವ ಹೋದೀತು. ನಾವು ಬೇಡುವುದು ದೊಡ್ಡದೇನೂ ಅಲ್ಲ. ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ, ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಈ ಮದ್ದಿನ ಲಕೋಟೆಗೆ ಮಲಯಾಳ, ಕನ್ನಡ ಎರಡರಲ್ಲಿಯೂ ಒಂದು ರಬ್ಬರ್ ಮೊಹರು ಬೀಳಲಿ. "ವಾರದಲ್ಲಿ ಒಂದೇ ದಿನ" ಎಂದು ಬರೆದು, ಆ ದಿನ ಸೋಮವಾರವೋ ಗುರುವಾರವೋ ಎಂಬುದನ್ನು ಡಾಕ್ಟರೇ ಹೆಸರಿಸಿ ಬರೆಯಲಿ. ಮದ್ದಿನ ಅಂಗಡಿಯವರು ಒಮ್ಮೆಗೆ ನಾಲ್ಕು ವಾರಕ್ಕಿಂತ ಹೆಚ್ಚಿನ ಮಾತ್ರೆ ಕೊಡದಿರಲಿ. ಎರಡು ಬಗೆಯ ಮಾತ್ರೆಗಳನ್ನು ಎರಡು ಲಕೋಟೆಯಲ್ಲಿ ಹಾಕಲಿ. "ಯಾವಾಗ ತೆಗೆದುಕೊಳ್ಳುತ್ತೀರಿ, ಹೇಳಿ ನೋಡುವ" ಎಂದು ರೋಗಿಯ ಬಾಯಿಂದಲೇ ಹೇಳಿಸಲಿ. ಇದಕ್ಕೆ ಬಜೆಟಿನಲ್ಲಿ ಹಣ ತೆಗೆದಿಡಬೇಕಾಗಿಲ್ಲ. ನಮ್ಮ ಜನರಿಗೆ ತಾಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಮ್ಮೆಯಾದರೂ ಗಂಟುವಾತದ ತಜ್ಞರು ದೊರೆಯುವಂತೆ ಮಾಡುವುದು ಸರಕಾರದ ಹೊಣೆ. 2020ರ ಮಾರ್ಚ್ ಅಂತ್ಯದಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಅನುಭವಿಸಿದ್ದನ್ನು ಈ ಜಿಲ್ಲೆ ಮರೆತಿಲ್ಲ. ಅದೇ ಸಮಯದಲ್ಲಿ, ಲೂಪಸ್ ಮತ್ತು ಗಂಟುವಾತದವರು ನಿತ್ಯ ಬಳಸುವ ಹೈಡ್ರಾಕ್ಸಿ ಕ್ಲೋರೊಕ್ವಿನ್ ಮಾತ್ರೆಯನ್ನು ಕೋವಿಡಿನ ಭಯದಿಂದ ಜನ ಮುಗಿಬಿದ್ದು ಕೊಂಡು, ನಿಜವಾಗಿ ಬೇಕಾದವರಿಗೆ ಅದು ಸಿಗದಂತಾಗಿತ್ತು.

ನಮ್ಮವರೂ ಒಂದಿಷ್ಟು ಕನ್ನಡಿ ನೋಡಿಕೊಳ್ಳಬೇಕು. ಗಡಿ ದಾಟಿ ಮಂಗಳೂರಿಗೆ ಹೋದರೆ ಚೀಟಿ ಕನ್ನಡದಲ್ಲಿ ಸಿಗುತ್ತದೆಯೆ? ಅಲ್ಲಿಯೂ ಇಂಗ್ಲಿಷೇ. ಕನ್ನಡದ ರಾಜ್ಯದಲ್ಲೇ ಇಲ್ಲದ್ದನ್ನು ಕೇರಳದಲ್ಲಿ ಕೇಳುವಾಗ ನಮ್ಮ ದನಿ ಸ್ವಲ್ಪ ತಗ್ಗುವುದು ನಿಜ. ನಾವು ವರ್ಷಕ್ಕೆ ಹಲವು ಸಮ್ಮೇಳನ ನಡೆಸುತ್ತೇವೆ, ಠರಾವು ಪಾಸು ಮಾಡುತ್ತೇವೆ, ಶಾಲು ಹೊದಿಸುತ್ತೇವೆ. ಗಂಟುವಾತದ ರೋಗಿ ಕೈಯಲ್ಲಿ ಹಿಡಿಯಬಹುದಾದ ನಾಲ್ಕು ಪುಟದ ಕನ್ನಡ ಪುಸ್ತಿಕೆಯೊಂದನ್ನು ತಯಾರಿಸಿ ಹಂಚಿದ್ದೇವೆಯೆ? ಕನ್ನಡ ಬಲ್ಲ ಡಾಕ್ಟರು ನಮ್ಮಲ್ಲಿದ್ದಾರೆ, ಬರೆಯಬಲ್ಲ ಅಧ್ಯಾಪಕರಿದ್ದಾರೆ, ಮುದ್ರಣಾಲಯಗಳಿವೆ. ಭಾಷೆ ಉಳಿಯುವುದು ಭಾಷಣದಲ್ಲಲ್ಲ, ಬಳಕೆಯಲ್ಲಿ. ಅನ್ನಕ್ಕೂ ಔಷಧಕ್ಕೂ ಬಾರದ ಭಾಷೆಯನ್ನು ನಮ್ಮ ಮಕ್ಕಳು ಏಕೆ ಹಿಡಿದುಕೊಂಡಾರು?

ಶಾಲೆಗಳಿಂದಲೂ ಒಂದು ಕೆಲಸ ಆಗಬಹುದು. ನಮ್ಮ ಮಕ್ಕಳು ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ಕಲಿಯುತ್ತಾರೆ. ಇದನ್ನು ಹೊರೆಯೆಂದು ಗೊಣಗಿದವರಲ್ಲಿ ಈ ಬರಹಗಾರನೂ ಒಬ್ಬ. ಆದರೆ ಮೂರು ಲಿಪಿ ಬಲ್ಲ ಹುಡುಗಿಯೊಬ್ಬಳು ಮನೆಯಲ್ಲಿರುವುದು ಎಂಥ ಆಸ್ತಿಯೆಂದು ಆ ಘಟನೆ ಕಲಿಸಿತು. ಈಗ ನಮ್ಮ ತರಗತಿಯಲ್ಲಿ ವಾರಕ್ಕೊಂದು ಅವಧಿಯಲ್ಲಿ ಮಕ್ಕಳು ಮನೆಯಿಂದ ತಂದ ಖಾಲಿ ಮದ್ದಿನ ಲಕೋಟೆಗಳನ್ನು ಓದಿ ಕನ್ನಡದಲ್ಲಿ ಬರೆಯುತ್ತಾರೆ. ಪರೀಕ್ಷೆಗೆ ಬರುವ ಪಾಠವಲ್ಲ ಅದು. ಹಾಗೆಂದು ಮಕ್ಕಳು ಡಾಕ್ಟರುಗಳಾಗಬೇಕಿಲ್ಲ. ಸಂಶಯ ಬಂದಲ್ಲಿ "ಇದನ್ನು ಕೇಳಿ ಬರುವ" ಎನ್ನುವಷ್ಟು ತಿಳಿದರೆ ಸಾಕು.

ಕೊನೆಯಲ್ಲಿ ಓದುಗರಿಗೆ ನಾಲ್ಕು ಮಾತು. ಎರಡೂ ಕೈಗಳ ಗಂಟುಗಳು ಬಾತು, ಬೆಳಗ್ಗಿನ ಬಿಗಿತ ತಾಸುಗಟ್ಟಲೆ ಇದ್ದು, ಆರು ವಾರ ಕಳೆದರೂ ಇಳಿಯದಿದ್ದರೆ ಎಣ್ಣೆ ತಿಕ್ಕಿ ಕಾಯಬೇಡಿ. ಡಾಕ್ಟರ ಬಳಿ ಹೋಗಿ. ಮೊದಲ ಕೆಲವು ತಿಂಗಳಲ್ಲಿ ಮದ್ದು ಆರಂಭವಾದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು; ಒಮ್ಮೆ ಸೊಟ್ಟಗಾದ ಮೇಲೆ ಯಾವ ನೊಬೆಲ್ ವಿಜ್ಞಾನಿಯೂ ಅದನ್ನು ನೆಟ್ಟಗೆ ಮಾಡಲಾರ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಡಾಕ್ಟರು ಹೇಳಿದ ಕಾಲಕ್ಕೆ ರಕ್ತಪರೀಕ್ಷೆ ತಪ್ಪಿಸಬಾರದು, ಮದ್ಯ ಮುಟ್ಟಬಾರದು, ಬಸುರಿಯರು, ಬಸುರಿಯಾಗಲಿರುವವರು ಇದನ್ನು ತೆಗೆದುಕೊಳ್ಳಕೂಡದು. ಬಾಯಿಹುಣ್ಣು, ಜ್ವರ, ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮದ್ದು ಕೆಲಸ ಮಾಡಲು ಕೆಲವು ವಾರ ಬೇಕು. ನೋವು ಇಳಿಯಲಿಲ್ಲವೆಂದು ಹೆಚ್ಚು ನುಂಗುವುದೂ ತಪ್ಪು, ಇಳಿಯಿತೆಂದು ತಾವಾಗಿಯೇ ನಿಲ್ಲಿಸುವುದೂ ತಪ್ಪು.

ಸರಕಾರದ ಮೊಹರು ಬರುವಾಗ ಬರಲಿ. ಅಷ್ಟರವರೆಗೆ ಈ ಕೆಳಗಿನ ಮಾತುಗಳನ್ನು ಕತ್ತರಿಸಿ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಈ ಮದ್ದು ತೆಗೆದುಕೊಳ್ಳುವವರಿದ್ದರೆ ಅವರ ಡಬ್ಬಿಗೆ ಅಂಟಿಸಿಕೊಡಿ: "ಮೆಥೊಟ್ರೆಕ್ಸೇಟ್ — ವಾರದಲ್ಲಿ ಒಂದೇ ದಿನ. ನನ್ನ ದಿನ: ................ವಾರ. ಬೇರೆ ದಿನ ಮುಟ್ಟಕೂಡದು."

ಆ ವಿದ್ಯಾರ್ಥಿನಿಯ ತಾಯಿ ಈಗ ಚೇತರಿಸಿಕೊಂಡಿದ್ದಾರೆ. ಡಾ‍ಕ್ಟರು ಧೈರ್ಯ ಹೇಳಿದ ಮೇಲೆ ಅದೇ ಮದ್ದನ್ನು ಮತ್ತೆ ಆರಂಭಿಸಿದ್ದಾರೆ, ಪ್ರತಿ ಗುರುವಾರ ರಾತ್ರಿ ಊಟದ ಬಳಿಕ. ಡಬ್ಬಿಯ ಮೇಲಿನ ಅಕ್ಷರ ಮಗಳದ್ದು, ಕನ್ನಡದಲ್ಲಿದೆ. ಬೆರಳುಗಳು ಕತ್ತರಿ ಹಿಡಿಯುವಷ್ಟು ಬಿಟ್ಟುಕೊಂಡಿವೆಯಂತೆ.